ಕೆಟಿಜೆ ನಗರದ ಮಂಡಕ್ಕಿ ಅಂಗಡಿ ಮತ್ತು ಅದರ ಉದ್ದನೆಯ ಬೆಂಚು

ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಅಂಗಡಿಗಳಿಗೆ ಬರವಿಲ್ಲ. ಆದರೂ ಕೆಟಿಜೆ ನಗರದ ಒಳರಸ್ತೆಯೊಂದರಲ್ಲಿರುವ, ಬೋರ್ಡು ಕೂಡ ಇಲ್ಲದ ಈ ಅಂಗಡಿಯ ಬಗ್ಗೆ ಬರೆಯಲು ಕಾರಣ ಅಲ್ಲಿನ ಬೆಂಚು. ಗೋಡೆಗೆ ತಾಗಿಸಿ ಹಾಕಿದ ಅದೊಂದನ್ನು ಬಿಟ್ಟರೆ ಕೂರಲು ಬೇರೆ ಜಾಗವಿಲ್ಲವಾದ್ದರಿಂದ, ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದ ಅಜ್ಜನೂ ಬಾಡಿಗೆ ಕೋಣೆಯಲ್ಲಿದ್ದು ಓದುವ ಎಂಜಿನಿಯರಿಂಗ್ ಹುಡುಗನೂ ಪಕ್ಕಪಕ್ಕದಲ್ಲೇ ಕೂರಬೇಕು. ಮಾಲೀಕರು ಮಿರ್ಚಿಯನ್ನು ಮೊದಲೇ ಕರಿದಿಡುವುದಿಲ್ಲ. ಒಂದು ಒಬ್ಬೆ ಬಾಣಲೆಯಿಂದ ಏಳುವವರೆಗೆ ಕಾಯುವ ಹೊತ್ತಿನಲ್ಲೇ ಮಾತು ಶುರುವಾಗುತ್ತದೆ.

ಅಂಥ ಒಂದು ಸಂಜೆ ಅಜ್ಜರೊಬ್ಬರು, ತಿರುಗುತ್ತಿರುವ ಕದಿರನ್ನು ನಿಲ್ಲಿಸದೆಯೇ ಕಡಿದ ಎಳೆಯನ್ನು ಬೆರಳಿನಲ್ಲಿ ಹೇಗೆ ಕೂಡಿಸುತ್ತಿದ್ದರೆಂಬುದನ್ನು ಪೊಟ್ಟಣಕ್ಕೆ ಸುತ್ತಿದ ದಾರದಲ್ಲೇ ಮಾಡಿ ತೋರಿಸಿದರು. ಮೆಕ್ಯಾನಿಕಲ್ ಓದುವ ಹುಡುಗ, “ಅಜ್ಜಾರೆ, ಬೆರಳು ಸಿಕ್ಕಿಕೊಳ್ತಿರಲಿಲ್ವಾ?” ಎಂದು ಕೇಳಿ ತಾನೂ ಪ್ರಯತ್ನಿಸಿ ನೋಡಿದ. 1995ರ ನೌಕರರ ಪಿಂಚಣಿ ಯೋಜನೆಯಡಿ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಸಲ್ಲಿಸಬಹುದೆಂದು ಆ ಅಜ್ಜರಿಗೆ ತಿಳಿಸಿ, ಅಲ್ಲೇ ಮಾಡಿಕೊಟ್ಟವನೂ ಅವನೇ. ಹುಡುಗ ಕೋಣೆ ಬದಲಿಸಬೇಕಾದಾಗ ಹೊಸ ಮನೆ ಮಾಲೀಕರ ಬಳಿ ಮಾತಾಡಿ ಅಡ್ವಾನ್ಸ್ ಕಡಿಮೆ ಮಾಡಿಸಿದವರು ಈ ಅಜ್ಜರು. ಹಿರಿಯರಿಗೆ ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿ, ಹುಡುಗರನ್ನು ಕುರ್ಚಿ ಹೊರಲು ಹಚ್ಚುವ ಬಡಾವಣೆಯ ಕಾರ್ಯಕ್ರಮಗಳಲ್ಲಿ ಇಷ್ಟು ಸಲುಗೆ ಬೆಳೆದದ್ದನ್ನು ನಾನು ಕಂಡಿಲ್ಲ. (ಶಾಲು ಬೇಡವೆಂದಲ್ಲ, ಚಳಿಗಾಲದಲ್ಲಿ ಉಪಯೋಗಕ್ಕೆ ಬರುತ್ತದೆ.)

ತಿಂಡಿಯ ವಿಷಯಕ್ಕೆ ಬಂದರೆ, ಪುಟಾಣಿ ಹಿಟ್ಟು ಧಾರಾಳವಾಗಿ ಬೀಳುವ ನರ್ಗೀಸ್ ಮಂಡಕ್ಕಿ ಗರಿಗರಿಯಾಗಿರುತ್ತದೆ. ಮಿರ್ಚಿ ಖಾರ ಹೆಚ್ಚು, ಚಹಾ ಸಾಧಾರಣ.

ಕೊರತೆಗಳೂ ಇವೆ. ಬೆಂಚು ತಗ್ಗಾಗಿದ್ದು, ಮೊಣಕಾಲು ನೋವಿರುವವರು ಏಳಲು ಪಕ್ಕದವರ ಹೆಗಲು ಹಿಡಿಯಬೇಕಾಗುತ್ತದೆ. ಸಂಜೆ ಹೊತ್ತು ಗಂಡಸರೇ ತುಂಬಿರುವುದರಿಂದ ಅಜ್ಜಿಯರೂ ಹೆಣ್ಣುಮಕ್ಕಳೂ ಪಾರ್ಸಲ್ ಕಟ್ಟಿಸಿಕೊಂಡು ಹೊರಡುತ್ತಾರೆ; ಇನ್ನೊಂದು ಬೆಂಚು ಹಾಕಲು ಬೇವಿನ ಮರದ ಕೆಳಗೆ ಜಾಗವಿದ್ದರೂ ಮಾಲೀಕರು ಮನಸ್ಸು ಮಾಡಿಲ್ಲ. ಅದರ ಬದಲು ಇತ್ತೀಚೆಗೆ ಟಿವಿ ತಂದು ತೂಗುಹಾಕಿದ್ದಾರೆ. ಕ್ರಿಕೆಟ್ ಇರುವ ದಿನ ಎಲ್ಲರ ಕತ್ತೂ ಅತ್ತಲೇ ತಿರುಗಿರುವುದರಿಂದ, ಆ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು. ಗೆಳೆಯರ ಗುಂಪು ಕಟ್ಟಿಕೊಂಡು ಹೋದವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಎದ್ದು ಬರುತ್ತಾರೆ. ಒಬ್ಬರೇ ಹೋಗಿ, ಅದೂ ಆರು ಗಂಟೆಯೊಳಗೆ.