ಎಐ ಬಳಸುವ ಟೈಪಿಂಗ್ ಅಂಗಡಿ: ಕಲಬುರಗಿಯ ವಕೀಲರು ಒಮ್ಮೆ ಹೋಗಿ ನೋಡಿ

ಕಲಬುರಗಿ ಜಿಲ್ಲಾ ಕೋರ್ಟಿನ ಹತ್ತಿರದ ಈ ಅಂಗಡಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ನಾನು ಚೆಕ್ ಬೌನ್ಸ್, ಜಾಮೀನು ಪ್ರಕರಣ ನಡೆಸುವ ವಕೀಲೆ. ಅಂಗಡಿಯವರು ಈಗ ಡ್ರಾಫ್ಟ್ ಮಾಡಲು ಎಐ ಬಳಸುತ್ತಾರೆ.

ಆಳಂದ ಕಡೆಯ ರೈತರೊಬ್ಬರಿಗೆ ತೊಗರಿಯ ದುಡ್ಡಿಗೆಂದು ಕೊಟ್ಟ ಚೆಕ್ ವಾಪಸ್ ಬಂದಿತ್ತು. ಮಾಲು ಯಾವಾಗ ಹಾಕಿದ್ದು, ರೊಕ್ಕ ಎಷ್ಟು ಬರಬೇಕು ಅಂತ ಅವರು ಹಿಂದುಮುಂದಾಗಿ ಹೇಳುತ್ತಾ ಹೋದರು. ಎಐ ಅದನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೋಟೀಸು ಬರೆಯಿತು. ಕನ್ನಡದ ಪ್ರತಿ ಓದಿ ಹೇಳುವಾಗ ಅವರು ನಡುವೆಯೇ ತಡೆದರು: "ಹಂಗಲ್ರೀ ಮೇಡಂ, ಚೆಕ್ ನನ್ನ ಕೈಯಾಗ ಕೊಟ್ಟಿಲ್ಲ, ನಮ್ಮ ಹುಡುಗನ ಕೈಯಾಗ ಕೊಟ್ಟಾನ." ಮಗನೂ ಸಾಕ್ಷಿಯಾಗಬೇಕು ಎಂಬುದು ಅಲ್ಲೇ ಗೊತ್ತಾಯಿತು. ಒಳಗೆ ಏನಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತುವ ಕಕ್ಷಿದಾರರನ್ನು ನೋಡಿರುವ ನನಗೆ ಇದು ಬಹಳ ದೊಡ್ಡ ಉಪಕಾರ.

ಆದರೆ ಸೆಕ್ಷನ್ನು, ಅವಧಿಗಳನ್ನು ಎಐ ಹೇಳಿದಂತೆ ಒಪ್ಪಿಕೊಳ್ಳಬೇಡಿ. ಚೆಕ್ ವಾಪಸಾಯಿತು ಎಂಬ ಬ್ಯಾಂಕಿನ ಮೆಮೊ ಬಂದ 15 ದಿನದೊಳಗೆ ನೋಟೀಸು ಕಳಿಸಬೇಕು ಎಂದು ಅದು ಬರೆದಿತ್ತು. ಅದು ಹಳೆಯ ನಿಯಮ, 2002ರ ತಿದ್ದುಪಡಿಯಲ್ಲಿ 30 ದಿನವಾಗಿದೆ. ಈಗ 15 ದಿನ ಇರುವುದು ನೋಟೀಸು ಮುಟ್ಟಿದವನು ಹಣ ಕಟ್ಟಲು. ಜಾಮೀನಿನಲ್ಲಿ ಇನ್ನೂ ಗೊಂದಲ. ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಕೇಳುವ ಜಾಮೀನು) 438. 2024ರ ಜುಲೈ 1ರಿಂದ ಅದರ ಬದಲು ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ನಿರೀಕ್ಷಣಾ ಜಾಮೀನೇ 482, ಹೈಕೋರ್ಟಿನ ಅಧಿಕಾರ 528. ಎಐ ಎರಡನ್ನೂ ಕಲಸಿ, ಹೊಸ ಕಾಯ್ದೆಯ ಹೆಸರಿಗೆ ಹಳೆಯ ಅರ್ಥ ಹಚ್ಚಿಬಿಡುತ್ತದೆ.

ಅಂಗಡಿಯವರ ಒಂದು ಪದ್ಧತಿ ನನಗೆ ತುಂಬಾ ಮೆಚ್ಚುಗೆಯಾಯಿತು. ಸೆಕ್ಷನ್, ದಿನಾಂಕ, ತೀರ್ಪಿನ ಹೆಸರು ಇರುವಲ್ಲೆಲ್ಲ ಹಳದಿ ಬಣ್ಣ ಹಚ್ಚಿಯೇ ಮೊದಲ ಪ್ರತಿ ಕೊಡುತ್ತಾರೆ, ವಕೀಲರು ನೋಡಿ ಒಪ್ಪಿದ ಮೇಲೆಯೇ ಅಂತಿಮ ಪ್ರಿಂಟ್. ಕಕ್ಷಿದಾರರ ಹೆಸರು, ಫೋನ್ ನಂಬರ್ ತೆಗೆದು 'ಫಿರ್ಯಾದಿ', 'ಆರೋಪಿ' ಎಂದಷ್ಟೇ ಎಐಗೆ ಹಾಕುತ್ತಾರೆ. ಬೇರೆ ಅಂಗಡಿಯವರೂ ಹೀಗೆ ಮಾಡಬೇಕು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ತೀರ್ಪು ಹುಡುಕಿಕೊಡುವ ಸೇವೆಗೆ. ಎಐ ಹುಟ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟಿನ ತೀರ್ಪುಗಳ ಆನ್‌ಲೈನ್ ಸಂಗ್ರಹವಾದ ಇ-ಎಸ್‌ಸಿಆರ್ ಅದೇ ವರ್ಷದಿಂದ ಉಚಿತವಾಗಿ ಸಿಗುತ್ತದೆ. ಅಲ್ಲಿ ಪೂರ್ತಿ ತೀರ್ಪು ತೆಗೆದು ಓದಿ, ಈ ಸೇವೆಗೆ ರೊಕ್ಕ ಕೊಡಬೇಡಿ.

ನಿಜಾಮರ ಕಾಲದ ಉರ್ದು ಕೈಬರಹದ ಭೂದಾಖಲೆ ಇದ್ದರೆ ಇಲ್ಲಿಗೆ ತರಬೇಡಿ. ಅಂಗಡಿಯವರೇ "ಇದು ಮಷೀನಿಗೆ ಓದ್ಲಿಕ್ಕೆ ಬರಂಗಿಲ್ರೀ" ಎಂದು ಹೇಳಿ, ಉರ್ದು ಬಲ್ಲ ಹಿರಿಯ ಮುನ್ಷಿಯೊಬ್ಬರ ಹತ್ತಿರ ಕಳಿಸುತ್ತಾರೆ.