ಫ್ಯುಯೆಲ್ ಟ್ಯೂನರ್ ಹಾಕಿಸ್ತೀರಾ? ವೈರ್ ಎಲ್ಲಿಗೆ ಹೋಗುತ್ತೆ ಅಂತ ಮೊದಲು ಕೇಳಿ

ಶಿವಮೊಗ್ಗದ ಒಂದು ಅಂಗಡಿಯಲ್ಲಿ ನನ್ನ ತಮ್ಮನ 350 ಸಿಸಿ ಬೈಕಿಗೆ ಫ್ಯುಯೆಲ್ ಟ್ಯೂನರ್ (ಇಂಜಿನ್‌ಗೆ ಬೀಳುವ ಪೆಟ್ರೋಲ್ ಎಷ್ಟು ಅನ್ನೋದನ್ನು ಬದಲಿಸುವ ಸಾಧನ) ಅಂತ ಒಂದು ಡಬ್ಬಿ ಕೂರಿಸಿದರು. ಅಂಗಡಿ ಹೆಸರು ಬೇಡ, ಇಂಥ ಡಬ್ಬಿ ಆನ್‌ಲೈನಲ್ಲೂ ಸಿಗುತ್ತೆ. ತಮ್ಮ ಬೇರೆ ಸೈಲೆನ್ಸರ್ ಹಾಕಿಸಿದ್ದ. ಹೊಗೆ ಸಲೀಸಾಗಿ ಹೊರಗೆ ಹೋದರೆ ಇಂಜಿನ್‌ಗೆ ಗಾಳಿ ಜಾಸ್ತಿ ಬರುತ್ತೆ, ಪೆಟ್ರೋಲ್ ಮಾತ್ರ ಕಂಪನಿ ಲೆಕ್ಕದಲ್ಲೇ ಬೀಳುತ್ತೆ. ಆಕ್ಸಿಲರೇಟರ್ ಬಿಟ್ಟರೆ ಪಟಪಟ ಸದ್ದು, ಇಂಜಿನ್ ಬಿಸಿ. ಹಾಗಾಗಿ ಟ್ಯೂನರ್ ಬೇಕು ಅಂದಿದ್ದು ಸರಿಯೇ. ಅವರು ಕೊಟ್ಟಿದ್ದು ಟ್ಯೂನರ್ ಆಗಿರಲಿಲ್ಲ, ಅಷ್ಟೆ.

“ಘಾಟಿ ಮೇಲೆ ಗಾಳಿ ತೆಳು, ಇದು ಅಡ್ಜಸ್ಟ್ ಮಾಡುತ್ತೆ” ಅಂದರಂತೆ. ಆಗುಂಬೆ ಏನು ಲಡಾಖಾ? ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್. ಅಷ್ಟನ್ನು ಇಂಜೆಕ್ಷನ್ ಬೈಕು ಗಾಳಿಯ ಒತ್ತಡ ನೋಡಿ ತಾನೇ ಸರಿಮಾಡಿಕೊಳ್ಳುತ್ತೆ.

ಮೊದಮೊದಲು ಪಿಕಪ್ ಚುರುಕಾದ ಹಾಗಿತ್ತು. ಆಮೇಲೆ ಮೈಲೇಜ್ ಇಳಿಯಿತು, ನಿಲ್ಲಿಸಿದಲ್ಲೆಲ್ಲ ಪೆಟ್ರೋಲ್ ವಾಸನೆ. ಮಳೆಗಾಲದಲ್ಲಿ ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಹೇರ್‌ಪಿನ್ ತಿರುವಿನಲ್ಲಿ ಮಿಸ್ಸಿಂಗ್ ಶುರುವಾಯಿತು, ಚೆಕ್ ಇಂಜಿನ್ ಲೈಟ್ ಬಂತು, ಬೈಕು ನಿಂತೇಬಿಟ್ಟಿತು. ಹಿಂದೆ ಬಸ್ಸು, ಮೇಲೆ ಆ ಮಳೆ. ಗೂಡ್ಸ್ ಗಾಡಿಗೆ ಹಾಕಿಕೊಂಡು ತೀರ್ಥಹಳ್ಳಿಗೆ ತಂದೆವು.

ಅಲ್ಲಿನ ಮೆಕ್ಯಾನಿಕ್ ಪ್ಲಗ್ ಬಿಚ್ಚಿದರೆ ತುದಿ ಪೂರ್ತಿ ಕಾಡಿಗೆ ಮೆತ್ತಿದ ಹಾಗಿತ್ತು. ಏರ್ ಫಿಲ್ಟರ್ ಹತ್ತಿರ ಗಾಳಿಯ ಬಿಸಿ ಅಳೆಯುವ ಸೆನ್ಸರ್ ಇರುತ್ತೆ, ಅಂಗಡಿಯವರು ಅದರ ವೈರ್ ಕತ್ತರಿಸಿ ಡಬ್ಬಿಗೆ ಸೇರಿಸಿ ಸುಮ್ನೆ ಟೇಪ್ ಸುತ್ತಿದ್ದರು. ನೀರು ಹೊಕ್ಕು ಜಾಯಿಂಟ್ ಹಸಿರುಗಟ್ಟಿತ್ತು. ಡಬ್ಬಿಯನ್ನು ಬ್ಲೇಡಿನಲ್ಲಿ ಸೀಳಿದರು. ಒಳಗೆ ಗೋಂದಿನ ಮುದ್ದೆ, ಮಿಣುಕುವ ಒಂದು ಲೈಟು, ಕರೆಂಟ್ ತಡೆಯುವ ಒಂದೇ ಒಂದು ರೆಸಿಸ್ಟರ್. “ಇದಕ್ಕೆ ಎರಡು ರೂಪಾಯಿ ಮಾರಾಯ್ರೇ” ಅಂತ ನಕ್ಕರು.

ಅದರ ಕೆಲಸ ಇಷ್ಟೇ: ಒಳಗೆ ಬರುವ ಗಾಳಿ ತಣ್ಣಗಿದೆ ಅಂತ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಸುಳ್ಳು ಹೇಳುವುದು. ತಣ್ಣನೆಯ ಗಾಳಿ ದಟ್ಟ, ಹಾಗಾಗಿ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತೆ. ಒಂದೇ ಸ್ಪೀಡಲ್ಲಿ ಹೋಗುವಾಗ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಇದನ್ನು ಕಂಡುಹಿಡಿದು ವಾಪಸ್ ಕಡಿಮೆ ಮಾಡುತ್ತೆ, ಅಂದರೆ ಲಾಭ ಸೊನ್ನೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಆ ಸೆನ್ಸರ್ ಮಾತು ನಡೆಯಲ್ಲ. ಏರಿನಲ್ಲಿ ಪೆಟ್ರೋಲ್ ಸುರಿಯುತ್ತೆ. ಉರಿಯದೆ ಉಳಿದದ್ದು ಆಯಿಲ್‌ಗೆ ಇಳಿಯುತ್ತೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತೆ.

ನಿಜವಾದ ಪಿಗ್ಗಿಬ್ಯಾಕ್ ಟ್ಯೂನರ್ ಇಸಿಯು ಮತ್ತು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನಡುವೆ ಕೂರುತ್ತೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದನ್ನು ಬದಲಿಸುತ್ತೆ. ಕಂಪನಿ ಕಪ್ಲರ್‌ಗೇ ಸಿಕ್ಕಿಸಬಹುದು, ಒಂದು ವೈರೂ ಕತ್ತರಿಸಬೇಕಿಲ್ಲ. ಬೇಡ ಅಂದರೆ ಬಿಚ್ಚಿಡಬಹುದು, ಅದಕ್ಕೇ ನನಗೆ ಇದೇ ಇಷ್ಟ. ಇಸಿಯು ರೀಮ್ಯಾಪ್, ಅಂದರೆ ಇಸಿಯು ಒಳಗಿನ ಪೆಟ್ರೋಲ್ ಲೆಕ್ಕದ ಪಟ್ಟಿಯನ್ನೇ (ಮ್ಯಾಪ್) ತಿದ್ದುವುದು, ಇನ್ನೂ ಒಳ್ಳೆಯದು. ಆದರೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಗಾಳಿ-ಪೆಟ್ರೋಲ್ ಅಳತೆ ನೋಡಿ ಮಾಡುವವರ ಹತ್ತಿರ ಮಾತ್ರ ಮಾಡಿಸಿ, ಹಳೆ ಮ್ಯಾಪಿನ ಕಾಪಿ ಕೇಳಿ ಇಟ್ಟುಕೊಳ್ಳಿ. ಸೈಲೆನ್ಸರ್, ಫಿಲ್ಟರ್ ಎರಡೂ ಕಂಪನಿಯವೇ ಆದರೆ ಟ್ಯೂನರೂ ಬೇಡ, ರೀಮ್ಯಾಪೂ ಬೇಡ, ದುಡ್ಡು ದಂಡ.

ಈಗಾಗಲೇ ಹಾಕಿಸಿದ್ದೀರಾ? ಸೀಟ್ ಎತ್ತಿ ನೋಡಿ. ಡಬ್ಬಿಯಿಂದ ಎರಡೇ ಎರಡು ವೈರ್ ಹೊರಟು ಏರ್ ಫಿಲ್ಟರ್ ಕಡೆಗೆ ಹೋಗಿದ್ದರೆ ತೆಗೆಸಿಬಿಡಿ. ಆಯಿಲ್ ಕ್ಯಾಪ್ ಬಿಚ್ಚಿ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಆಯಿಲ್ ಬದಲಿಸಿ. ಕತ್ತರಿಸಿದ ವೈರಿನ ಜಾಯಿಂಟ್‌ಗಳನ್ನು ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿಸಿ. ನಮ್ಮ ಮಳೆಗೆ ಟೇಪ್ ತಡೆಯಲ್ಲ.