ಸಪ್ಪೊರೊ ಹಿಮೋತ್ಸವ: ನೋಡಲು ಉಚಿತ, ನಡೆಯಲು ಎಚ್ಚರ

ಜಪಾನಿನ ಸಪ್ಪೊರೊ ನಗರದ ನಡುವೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಓದೊರಿ ಉದ್ಯಾನದಲ್ಲಿ, ಫೆಬ್ರುವರಿ ಆರಂಭದಲ್ಲಿ ನಡೆಯುವ ಉತ್ಸವವಿದು. 1950ರಲ್ಲಿ ಶಾಲಾ ವಿದ್ಯಾರ್ಥಿಗಳು ಆರು ಹಿಮಪ್ರತಿಮೆ ನಿಲ್ಲಿಸಿದ್ದೇ ಮೊದಲು. ಈಗಿನ ದೊಡ್ಡ ಶಿಲ್ಪಗಳು ಮೂರು ನಾಲ್ಕು ಅಂತಸ್ತಿನ ಮನೆಯೆತ್ತರ. ಅವುಗಳ ಕೆತ್ತನೆಯ ನಾಜೂಕು ಬೆರಗು ಹುಟ್ಟಿಸುತ್ತದೆ.

ಮಧ್ಯಾಹ್ನ ಮೂರೂವರೆಗೆ ಹೋಗಿ. ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಓರೆ ಬಿಸಿಲಿನಲ್ಲಿ ಉಳಿಯ ಗೆರೆಗಳು ಎದ್ದು ಕಾಣುತ್ತವೆ, ಬಣ್ಣದ ದೀಪ ಹೊತ್ತಿದ ಮೇಲೆ ಅವು ಮಸುಕಾಗುತ್ತವೆ. ವಾರಾಂತ್ಯದ ಸಂಜೆ ಮಾತ್ರ ಬೇಡ, ಶಿಲ್ಪದ ಮುಂದೆ ನಿಲ್ಲಲೂ ಜಾಗ ಸಿಗದು.

ನಿಜವಾದ ತೊಂದರೆ ನೆಲದ್ದು. ತುಳಿತಕ್ಕೆ ಸಿಕ್ಕ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಉದ್ಯಾನವನ್ನು ಸೀಳುವ ರಸ್ತೆಗಳ ದಾಟುಗಳಲ್ಲಂತೂ ಇನ್ನೂ ಹೆಚ್ಚು. ಪುಟ್ಟ ಹೆಜ್ಜೆಯಿಡಿ, ಅಂಗಾಲು ಪೂರ್ತಿ ಊರಿ, ಕೈ ಜೇಬಿನಲ್ಲಿರದಿರಲಿ. ಶೂಗೆ ಸಿಕ್ಕಿಸುವ ಮುಳ್ಳುಪಟ್ಟಿ ಒಳ್ಳೆಯದೇ, ಆದರೆ ಕಟ್ಟಡದೊಳಗೆ ಬಿಚ್ಚಲೇಬೇಕು: ನುಣುಪು ಟೈಲ್ಸ್ ಮೇಲೆ ಅದೇ ಜಾರಿಸುತ್ತದೆ.

ರೈಲು ನಿಲ್ದಾಣದಿಂದ ಓದೊರಿಗೆ ನೆಲದಡಿಯ ಕಾಲುದಾರಿಯಿದೆ. ಅಲ್ಲಿ ಬೆಚ್ಚಗಿರುವುದರಿಂದ ಕೋಟಿನ ಜಿಪ್ ತೆರೆದುಕೊಳ್ಳಿ. ಬೆವರಿದ ಒಳಬಟ್ಟೆಯೇ ಹೊರಗೆ ನಡುಕ ಹುಟ್ಟಿಸುವುದು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಕುಸಿಯುತ್ತದೆ, ಒಳಜೇಬಿನಲ್ಲಿಡಿ. ಕ್ಯಾಮೆರಾವನ್ನು ಒಳಗೆ ಒಯ್ಯುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಲೆನ್ಸ್ ಮೇಲೆ ಹನಿ ಕೂರುತ್ತದೆ.

ಕತ್ತಲಾದ ಮೇಲೆ ದಕ್ಷಿಣಕ್ಕೆ ನಡೆದು ಉತ್ಸವದ ಇನ್ನೊಂದು ತಾಣವಾದ ಸುಸುಕಿನೊ ಬಡಾವಣೆಗೆ ಹೋಗಿ. ಅಲ್ಲಿನವು ಮಂಜುಗಡ್ಡೆಯ ಶಿಲ್ಪಗಳು, ಬೆಳಕು ಒಳಹಾಯುವುದರಿಂದ ರಾತ್ರಿಯೇ ಅವುಗಳ ಹೊತ್ತು.